ತಮ್ಯಾನ ಬುತ್ತಿ

ಅಗಲವಾದ ಕಂದು ಟೇಪನ್ನು ಸುರುಳಿಯಿಂದ ಎಳೆಯುವಾಗ ಒಂದು ಸದ್ದು ಬರುತ್ತದೆ. ಹಳೆಯ ಧೋತರ ಹರಿದಂಥ ಸದ್ದು, ಆದರೆ ಇನ್ನೂ ಸ್ವಲ್ಪ ಒರಟು. ವರ್ಗಾವಣೆಯ ನೌಕರಿಯಲ್ಲಿ ಬದುಕು ಕಳೆದವರಿಗೆ ಅದನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಅದು ಕಿವಿಗೆ ಬಿದ್ದೊಡನೆ ನನಗೆ ಅಟ್ಟದ ಮೇಲಿನ ತಾಮ್ರದ ಹಂಡೆ ನೆನಪಾಗುತ್ತದೆ, ಗ್ಯಾಸಿನವರಿಗೆ ಫೋನು ಮಾಡಬೇಕಾದದ್ದು ನೆನಪಾಗುತ್ತದೆ, ಹಾಲಿನವನು ನೆನಪಾಗುತ್ತಾನೆ. ದುಃಖ ನೆನಪಾಗುವುದು ಎಲ್ಲಕ್ಕಿಂತ ಕೊನೆಗೆ. ಅಷ್ಟೊತ್ತಿಗೆ ಲಾರಿ ಹೊರಟಿರುತ್ತದೆ, ಅಳುವುದಕ್ಕೆ ಪುರುಸೊತ್ತು ಇರುವುದಿಲ್ಲ.

ಬೀಳ್ಕೊಡುವ ಕೆಲಸದಲ್ಲಿ ನಾನು ಪಳಗಿದವಳು ಎಂದೇ ತಿಳಿದಿದ್ದೆ. ನಮ್ಮವರು ವಿಮಾ ಕಂಪನಿಯಲ್ಲಿದ್ದರು. ಗದಗದ ಕಡೆಯವರಾದ ನಾವು ಮೊದಲು ಸೂರತ್ತಿಗೆ ಬಂದೆವು, ಅಲ್ಲಿಂದ ವಡೋದರಾದ ಆಲ್ಕಾಪುರಿಗೆ, ಅಲ್ಲಿಂದ ಅಹಮದಾಬಾದಿನ ಬೋಡಕ್‌ದೇವ್‌ಗೆ. ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆವು. ಮತ್ತೊಮ್ಮೆ ಹಂಡೆ ಇಳಿಸುವ ಉತ್ಸಾಹ ಇಬ್ಬರಿಗೂ ಇರಲಿಲ್ಲ. ಇಷ್ಟು ಮನೆ ಬಿಟ್ಟ ಅನುಭವದಿಂದ ನಾನೊಂದು ಪದ್ಧತಿ ಮಾಡಿಕೊಂಡಿದ್ದೆ. ಮನೆಯನ್ನು ಒಮ್ಮೆಲೇ ಬಿಡಬಾರದು, ತುಸು ತುಸುವಾಗಿ ಬಿಡಬೇಕು. ಮೊದಲು ಗೋಡೆಯ ಫೋಟೋ ಇಳಿಸಿ, ಅದರ ಹಿಂದೆ ಉಳಿಯುವ ಬಿಳಿಯ ಚೌಕವನ್ನು ನೋಡಿ ರೂಢಿ ಮಾಡಿಕೊಳ್ಳಬೇಕು. ಆಮೇಲೆ ತುಳಸಿಯ ಕುಂಡವನ್ನು ನೆರೆಮನೆಗೆ ಕೊಡಬೇಕು. ಆಮೇಲೆ ಪರದೆಗಳು. ಹೀಗೆ ಕಳಚುತ್ತ ಹೋದರೆ ಕೊನೆಯ ದಿನ ಬಿಡುವುದಕ್ಕೆ ಗೋಡೆಗಳಷ್ಟೇ ಉಳಿದಿರುತ್ತವೆ. ಗೋಡೆಗಳಿಗಾಗಿ ಯಾರೂ ಅಳುವುದಿಲ್ಲ. ಹೊಸದಾಗಿ ವರ್ಗವಾಗಿ ಬಂದ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ನಾನಿದನ್ನು ಉಪದೇಶ ಮಾಡಿದ್ದೂ ಉಂಟು. ಅವರು ತಲೆದೂಗಿದ್ದೂ ಉಂಟು.

ಈ ಪದ್ಧತಿಯನ್ನು ಒಂದು ನಾಯಿಯ ವಿಷಯದಲ್ಲಿ ಬಳಸಲು ಹೋದೆ. ಅದನ್ನೇ ಈಗ ಹೇಳಬೇಕೆಂದಿದ್ದೇನೆ.

ನಾಯಿಯ ಹೆಸರು ತಮ್ಯಾ. ನಮ್ಮ ಕಡೆ ತಮ್ಮನನ್ನು ಹಾಗೆ ಕರೆಯುತ್ತಾರೆ. ನಮಗೆ ಒಬ್ಬಳೇ ಮಗಳು, ಶಾಲ್ಮಲಾ. ತನಗೊಬ್ಬ ತಮ್ಮ ಬೇಕು ಎಂದು ಬಹಳ ದಿನ ಕೇಳಿ ಕೇಳಿ ಸಾಕಾದ ಮೇಲೆ, ಸಿಕ್ಕಿದವನಿಗೆ ಆ ಹೆಸರನ್ನು ಇಟ್ಟುಬಿಟ್ಟಳು.

ಅವನು ನಮ್ಮ ಮನೆಗೆ ಬಂದದ್ದು ನಮ್ಮ ಬುತ್ತಿಯನ್ನು ಉಂಡು. ಸೂರತ್ತಿನಲ್ಲಿದ್ದಾಗ ಒಂದು ಬೇಸಿಗೆ ರಜೆಗೆ ಗದಗಕ್ಕೆ ಹೊರಟಿದ್ದೆವು. ನಮ್ಮ ಕಡೆಯವರು ಬುತ್ತಿಯಿಲ್ಲದೆ ರೈಲು ಹತ್ತುವುದಿಲ್ಲ. ಗುಜರಾತಿನವರೂ ಹತ್ತುವುದಿಲ್ಲ ಎಂಬುದು ಇಲ್ಲಿಗೆ ಬಂದ ಮೇಲೆ ತಿಳಿಯಿತು. ಅವರದು ಥೇಪ್ಲಾ, ನಮ್ಮದು ಜೋಳದ ರೊಟ್ಟಿ. ಎರಡರ ಹಿಂದೆಯೂ ಇರುವುದು ಒಂದೇ ಅಪನಂಬಿಕೆ, ದಾರಿಯಲ್ಲಿ ಸಿಗುವ ಊಟದ ಮೇಲಿನದು. ಅವತ್ತು ನಾನು ರೊಟ್ಟಿ, ಬದನೆಕಾಯಿಯ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನ ಎಲ್ಲವನ್ನೂ ಒಂದು ಬಿಳಿಯ ಬಟ್ಟೆಯಲ್ಲಿ ಕಟ್ಟಿ, ಬಾಗಿಲ ಹೊರಗಿದ್ದ ಪೆಟ್ಟಿಗೆಗಳ ಮೇಲೆ ಇಟ್ಟು, ಕಿಟಕಿ ಹಾಕಿದೆವೋ ಇಲ್ಲವೋ ನೋಡಲು ಒಳಗೆ ಹೋದೆ. ಒಮ್ಮೆ ನೋಡಿದ ಕಿಟಕಿಯನ್ನು ಮತ್ತೊಮ್ಮೆ ನೋಡುವುದು ನನ್ನ ಚಾಳಿ. ತಿರುಗಿ ಬಂದಾಗ ಗಂಟು ಬಿಚ್ಚಿತ್ತು. ಮಣ್ಣಿನ ಬಣ್ಣದ ಒಂದು ಬೀದಿಮರಿ ಮೊಸರನ್ನದಲ್ಲಿ ಕಿವಿಯವರೆಗೆ ಮುಳುಗಿ ನಿಂತಿತ್ತು. ಬೈಯಲು ಬಾಯಿ ತೆರೆದೆ. ಅದು ಬಾಲ ಆಡಿಸಿತು. ಬಾಲಕ್ಕೂ ಮೊಸರು ಹತ್ತಿತ್ತು.

"ಉಣ್ಣಲಿ ಬಿಡು, ರೈಲಿನ ಹೊತ್ತಾತು" ಎಂದರು ನಮ್ಮವರು.

ಆ ಪ್ರಯಾಣವನ್ನು ಪ್ಲಾಟ್‌ಫಾರಮ್ಮಿನ ವಡೆಯ ಮೇಲೆ ಮುಗಿಸಿದೆವು. ಮೂವರ ಹೊಟ್ಟೆಯೂ ಕೆಟ್ಟಿತು. ರಜೆ ಮುಗಿಸಿ ಬಂದರೆ ಮರಿ ನಮ್ಮ ಬಾಗಿಲಿನಲ್ಲೇ ಮಲಗಿತ್ತು. ಬೇರೆ ಮನೆಯವರು ಕರೆದರೂ ಹೋಗಲಿಲ್ಲ ಎಂದು ಕಾವಲುಗಾರ ಹೇಳಿದ. ಎರಡನೆಯ ಬುತ್ತಿಗೆ ಕಾದಿತ್ತೋ, ಉಂಡ ಮನೆಯನ್ನು ಕಾಯಬೇಕೆಂದು ಅದರ ಧರ್ಮ ಹೇಳಿತ್ತೋ ನನಗೆ ಗೊತ್ತಿಲ್ಲ. ಶಾಲೂ ಬಾಗಿಲು ತೆರೆದು "ಬಾ" ಎಂದಳು. ಬಂದ.

ನಮ್ಮ ಮನೆಯಲ್ಲಿ ಕನ್ನಡವನ್ನು ಪೂರ್ತಿಯಾಗಿ ಕೇಳುತ್ತಿದ್ದವನು ಅವನೊಬ್ಬನೇ. ಶಾಲೂ ಶಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಗುಜರಾತಿ, ಟೀವಿಯ ಮುಂದೆ ಹಿಂದಿ ಆಡಿ ಬೆಳೆದಳು. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಬರುತ್ತಿತ್ತು. ಆದರೆ ತಮ್ಯಾನಿಗೆ ನಾನು ಕಲಿಸಿದ್ದು ಕನ್ನಡ. ಅವನ ಜೊತೆ ಆಡಬೇಕಾದರೆ ಅವಳಿಗೂ ಅದೇ ಬೇಕಾಯಿತು. ಬಾ, ಕೂಡು, ಉಣ್ಣು, ಸುಮ್ಮನಿರು, ಎಲ್ಲಿ ಹೋಗಿದ್ದಿ, ಸಾಕು. ಮಗಳ ಕನ್ನಡದ ಬಹುಭಾಗ ಹೀಗೆ ನಾಯಿಯ ಮೂಲಕ ಬಂದದ್ದು. ಅದರಿಂದ ಒಂದು ಊನವೂ ಆಯಿತು: ಅವಳ ಕನ್ನಡದಲ್ಲಿ ಬಹುವಚನವಿಲ್ಲ. ಒಮ್ಮೆ ಗದಗದಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ವಯಸ್ಸಾದ ಪುರೋಹಿತರಿಗೆ ಅತ್ಯಂತ ವಿನಯದಿಂದ "ಕೂಡು, ಉಣ್ಣು" ಎಂದಳು. ಅವರು ದೊಡ್ಡವರು, ಕೂತು ಉಂಡರು.

ಅವನಿಗೆ ಕಲಿಸಿದ ಮಾತುಗಳಲ್ಲಿ ನಾನು ಅತ್ಯಂತ ಗಟ್ಟಿಯಾಗಿ ಕಲಿಸಿದ್ದು ಎರಡು, ನಿಲ್ಲು ಮತ್ತು ನಡಿ. ಈ ಊರುಗಳಲ್ಲಿ ರಸ್ತೆ ದಾಟುವುದೆಂದರೆ ಸ್ಕೂಟರುಗಳ ದಯೆ. ರಸ್ತೆಯಂಚಿಗೆ ಬಂದೊಡನೆ "ನಿಲ್ಲು" ಎನ್ನಬೇಕು. ಎಷ್ಟು ಹೊತ್ತಾದರೂ ಸರಿ, ಎದುರಿಗೆ ಬೆಕ್ಕು ಬಂದರೂ ಸರಿ, ಅವನು ಕಲ್ಲಿನಂತೆ ನಿಲ್ಲುತ್ತಿದ್ದ. ದಾರಿ ತೆರವಾದಾಗ ಬೆನ್ನು ತಟ್ಟಿ "ನಡಿ" ಎನ್ನಬೇಕು. ಆಗ ಮಾತ್ರ ಹೆಜ್ಜೆ ಕೀಳುತ್ತಿದ್ದ. ಎಷ್ಟೋ ಸಲ ನಾನು ಯಾರ ಜೊತೆಗೋ ಮಾತಿಗೆ ನಿಂತು "ನಡಿ" ಎನ್ನುವುದನ್ನು ಮರೆತು ಮುಂದೆ ಹೋಗಿ, ಆಮೇಲೆ ಬರಿಗೈ ನೋಡಿಕೊಂಡು ಹಿಂದಿರುಗಿದರೆ, ಅಲ್ಲೇ ಬಿಸಿಲಿನಲ್ಲಿ ನಿಂತಿರುತ್ತಿದ್ದ.

ಇನ್ನು ವರ್ಗಾವಣೆಗಳು. ಸೂರತ್ತಿನ ಮನೆ ಬಿಡುವಾಗ ಮೊದಲ ಸಲ ಟೇಪಿನ ಸದ್ದು ಕೇಳಿದ. ಸಾಮಾನು ಬಾಗಿಲ ಹೊರಗೆ ಹೋಗತೊಡಗಿತು. ಅದನ್ನು ಅವನು ಒಮ್ಮೆ ನೋಡಿದ್ದನಲ್ಲ, ನಾವು ಪೆಟ್ಟಿಗೆ ಹೊತ್ತು ಹೋಗಿ ಬಹಳ ದಿನ ಬಾರದೆ ಇದ್ದದ್ದನ್ನು. ಒಮ್ಮೆ ಬಿಟ್ಟು ಹೋದವರು ಇನ್ನೊಮ್ಮೆಯೂ ಹೋಗಬಹುದು ಎಂದು ಅವನಿಗೆ ಅನ್ನಿಸಿರಬೇಕು. ಅರ್ಧ ತುಂಬಿದ ರಟ್ಟಿನ ಖೋಕಾದ ಪಕ್ಕಕ್ಕೆ ಬಂದು, ಅದರ ಅಂಚಿನ ಮೇಲೆ ಗದ್ದ ಊರಿ ನಿಂತುಬಿಟ್ಟ. ಇದರೊಳಗೆ ಏನು ಹೋಗುತ್ತದೋ ಅದರ ಜೊತೆಗೆ ನಾನೂ ಹೋಗುತ್ತೇನೆ ಎಂಬಂತೆ. ವಡೋದರಾ ಬಿಡುವಾಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಾಸಿಗೆ ತುಂಬುವ ಖೋಕಾದ ಒಳಗೇ ಕೂತ. ಪ್ಯಾಕಿಂಗಿನವರು ನಕ್ಕು, "ಭಾಭಿ, ಇವನ ಮೇಲೆ ಯಾವ ಚೀಟಿ ಅಂಟಿಸಲಿ? ಗಾಜಿನ ಸಾಮಾನು ಅಂತ ಬರೀಲಾ?" ಎಂದಿದ್ದರು.

ಈಚೆಗೆ ಅವನಿಗೆ ವಯಸ್ಸಾಗಿತ್ತು. ಮುಖದ ಕಂದು ಹೋಗಿ ಬೂದಿ ಬಳಿದಂತಾಗಿತ್ತು. ಕಿವಿ ಕೇಳುತ್ತಿರಲಿಲ್ಲ, ಒಂದು ಕಣ್ಣಿನಲ್ಲಿ ಹಾಲು ಕವಿದಿತ್ತು. ಇವೆಲ್ಲ ನಮ್ಮವರಿಗೂ ಸರಿಸುಮಾರು ಆಗುತ್ತಿದ್ದದ್ದರಿಂದ ಮನೆಯಲ್ಲಿ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಸಾಯಂಕಾಲ ಇಬ್ಬರೂ ಕೂಡಿ ಸೊಸೈಟಿಯ ಗೇಟಿನವರೆಗೆ ಹೋಗಿ, ಯಾರು ಮೊದಲು ದಣಿದರೋ ಅವರ ನೆವದಿಂದ ಇಬ್ಬರೂ ತಿರುಗಿ ಬರುತ್ತಿದ್ದರು. ಆದರೆ ಈ ಚಳಿಗಾಲ ಮುಗಿಯುವ ಹೊತ್ತಿಗೆ ಅವನು ಉಣ್ಣುವುದನ್ನು ಬಿಟ್ಟ. ಮೊದಲು ಅನ್ನ ಬಿಟ್ಟ, ಆಮೇಲೆ ಹಾಲಿನಲ್ಲಿ ನೆನೆಸಿದ ರೊಟ್ಟಿ ಬಿಟ್ಟ. ಮೊಸರನ್ನವನ್ನು ಮೂಸಿ ಮುಖ ತಿರುಗಿಸಿದ ದಿನ ನಾವು ಡಾಕ್ಟರನ್ನು ಮನೆಗೆ ಕರೆಸಿದೆವು.

ಡಾಕ್ಟರು ಎಳೆಯ ವಯಸ್ಸಿನ ಹೆಣ್ಣುಮಗಳು. ನೆಲದ ಮೇಲೆ ಕೂತು, ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಕಿಡ್ನಿ ಸೋತಿದೆ, ಇನ್ನು ಕೆಲವೇ ದಿನ ಎಂದಳು. ಕೊನೆಗೆ ಸೆಳವು ಬರಬಹುದು, ನೋವು ಹೆಚ್ಚಬಹುದು. ಅದಕ್ಕಿಂತ ಮೊದಲು ಒಂದು ಇಂಜೆಕ್ಷನ್ ಕೊಟ್ಟರೆ ನಿದ್ದೆಯಲ್ಲೇ ಹೋಗುತ್ತಾನೆ. "ಆಂಟಿ, ನೀವು ವಿಚಾರ ಮಾಡಿ ಹೇಳಿ. ನಾನು ಬರ್ತೀನಿ" ಎಂದು ಹಿಂದಿಯಲ್ಲಿ ಹೇಳಿ ಹೋದಳು.

ನಾನು ನಮ್ಮವರ ಮುಖ ನೋಡಿದೆ. ನೌಕರಿಯುದ್ದಕ್ಕೂ ಪರರ ಮನೆಗೆ ಹೋಗಿ, ಅವರು ಕೊಟ್ಟ ಚಹಾ ಕುಡಿಯುತ್ತ, "ನಾಳೆ ನೀವು ಇಲ್ಲ ಅಂತ ಇಟ್ಕೋರಿ" ಎಂದು ನಗುನಗುತ್ತ ಮಾತು ತೆಗೆಯುತ್ತಿದ್ದ ಮನುಷ್ಯ. ಸಾವಿನ ಬಗ್ಗೆ ಅಷ್ಟು ಸಲೀಸಾಗಿ ಮಾತಾಡುವವರನ್ನು ನಾನು ಬೇರೆ ನೋಡಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಶಾಲೂ ಬರ್ಲಿ. ಆಮ್ಯಾಲೆ ನೋಡೋಣು."

ಶಾಲೂ ಈಗ ಸೂರತ್ತಿನಲ್ಲೇ ಇದ್ದಾಳೆ, ಸೀರೆಗಳಿಗೆ ಚಿತ್ತಾರ ಬಿಡಿಸುವ ಕೆಲಸ. ಶನಿವಾರಕ್ಕೆ ಮೊದಲು ರಜೆ ಸಿಗುವಂತಿರಲಿಲ್ಲ. ಫೋನಿನಲ್ಲಿ ಅಳು ತಡೆದುಕೊಂಡು, "ಅಮ್ಮಾ, ಅವನಿಗೆ ಹೇಳು, ಶಾಲೂ ಬರ್ತಾಳ. ರುಕ್ ಜಾ ಅಂತ ಹೇಳು" ಎಂದಳು.

"ಹಿಂದಿ ಒಳಗ ಹೇಳಿದ್ರ ಅವಗೆಲ್ಲಿ ತಿಳೀತದ?"

"ತೋ ಕನ್ನಡಾ ಮೇ ಬೋಲ್ ನಾ, ಅಮ್ಮಾ. ನಿಲ್ಲು ಅಂತ ಹೇಳು."

ಹೇಳಿದೆ. ಅವನಿಗೆ ಕೇಳದು ಎಂದು ಗೊತ್ತಿದ್ದೂ, ರಸ್ತೆಯಂಚಿನಲ್ಲಿ ಮಾಡುತ್ತಿದ್ದ ಹಾಗೆ ಅಂಗೈಯನ್ನು ಮುಖದ ಮುಂದೆ ಹಿಡಿದು ಹೇಳಿದೆ. ಒಳ್ಳೆಯ ಕಣ್ಣಿನಿಂದ ನನ್ನ ಅಂಗೈಯನ್ನು ನೋಡಿದ.

ಮರುದಿನ ನಮ್ಮವರು ಔಷಧಕ್ಕೆ ಹೋಗಿದ್ದರು. ನಾನು ನನ್ನ ಪದ್ಧತಿಯನ್ನು ತೆಗೆದೆ. ಹೋದ ಮೇಲೆ ಅವನ ಸಾಮಾನು ಕಣ್ಣಿಗೆ ಬಿದ್ದು ಎಲ್ಲರೂ ಸಂಕಟಪಡುವುದಕ್ಕಿಂತ ಈಗಿನಿಂದಲೇ ಸ್ವಲ್ಪ ಸ್ವಲ್ಪ ತೆಗೆದಿಟ್ಟರೆ ಒಳ್ಳೆಯದು ಎಂದುಕೊಂಡೆ. ಅಟ್ಟದಿಂದ ಒಂದು ಖೋಕಾ ಇಳಿಸಿ, ತಳಕ್ಕೆ ಟೇಪು ಹಚ್ಚಿದೆ. ಅವನು ಇನ್ನು ಹಾಕಿಕೊಳ್ಳಲಾರದ ಕೊರಳಪಟ್ಟಿ, ಚಳಿಗಾಲದ ಅಂಗಿ, ಶಾಲೂ ತಂದುಕೊಟ್ಟಿದ್ದ ರಬ್ಬರಿನ ಚೆಂಡು, ಊಟದ ಸ್ಟೀಲಿನ ತಟ್ಟೆ. ಉಣ್ಣುವುದಿಲ್ಲವಲ್ಲ, ತಟ್ಟೆ ಯಾಕೆ ಎಂದು ಅದನ್ನೂ ಇಟ್ಟೆ. ಕೆಲಸ ಚೊಕ್ಕವಾಗಿ ನಡೆದಿತ್ತು. ಮನಸ್ಸೂ ಹಗುರಾಗಿದೆ ಎಂದೇ ತಿಳಿದಿದ್ದೆ.

ಅವನು ಮಲಗುತ್ತಿದ್ದ ಬಾಲ್ಕನಿಯ ಮೂಲೆಯಲ್ಲಿ ಏನೋ ಸರಿದ ಸದ್ದಾಯಿತು. ತಿರುಗಿ ನೋಡಿದೆ. ನಾವು ಕೈಕೊಟ್ಟು ಎಬ್ಬಿಸಿದರೂ ಏಳದಿದ್ದವನು ಎದ್ದು ನಿಂತಿದ್ದ. ಟೇಪಿನ ಸದ್ದು ಅವನಿಗೆ ಕೇಳಿಸಿರಲು ಸಾಧ್ಯವಿಲ್ಲ. ಖೋಕಾವನ್ನು ಕಂಡಿದ್ದ. ಹಿಂಗಾಲು ಜಾರಿ ಕೂತ, ಮತ್ತೆ ಎದ್ದ. ಅರ್ಧ ನಡೆದು, ಅರ್ಧ ತೆವಳಿ, ನಡುಮನೆಯನ್ನು ದಾಟಿ ಬಂದು, ಖೋಕಾದ ಅಂಚಿನ ಮೇಲೆ ಗದ್ದ ಊರಿದ.

ಮನೆಯವರು ಹೊರಟಿದ್ದಾರೆ, ತನ್ನನ್ನು ಬಿಟ್ಟುಹೋದಾರು, ಎಂದು ಅವನು ತಿಳಿದಿದ್ದ.

ನನ್ನ ಕೈಯಲ್ಲಿ ಟೇಪಿನ ಸುರುಳಿ ಹಾಗೆಯೇ ಇತ್ತು. "ಇಲ್ಲೋ ತಮ್ಯಾ, ನಾವೆಲ್ಲೂ ಹೋಗೂದಿಲ್ಲೋ" ಎಂದೆ. ಮುಂದಿನ ಮಾತನ್ನು ಹೇಗೆ ಹೇಳುವುದು? ಹೋಗುವವನು ನೀನೇ ಎಂದು ನಾಯಿಗೆ ಹೇಳುವ ಮಾತು ಯಾವ ಭಾಷೆಯಲ್ಲಿದೆ? ಒಂದೊಂದೇ ಸಾಮಾನನ್ನು ಹೊರಗೆ ತೆಗೆದು ಇದ್ದಲ್ಲಿ ಇಟ್ಟೆ. ತಟ್ಟೆಯನ್ನು ತೊಳೆದು ಅದರ ಜಾಗದಲ್ಲಿ ಇಟ್ಟೆ. ಖೋಕಾ ಖಾಲಿಯಾಯಿತು. ಅವನು ಗದ್ದ ತೆಗೆಯಲಿಲ್ಲ.

ನಮ್ಮವರು ಬಂದು ಇದನ್ನು ನೋಡಿದರು. ಹೇಳಬೇಕಾಗಲಿಲ್ಲ, ವರ್ಗಾವಣೆಗಳಲ್ಲಿ ಅವರೂ ಇದ್ದವರು. "ಪ್ಯಾಕಿಂಗ್ ಮಾಡ್ಲಿಕ್ಕೆ ಏನು ಅವಸರಿತ್ತು ನಿನಗ" ಎಂದರು. ಅಷ್ಟೇ. ಆಮೇಲೆ ಖೋಕಾವನ್ನು ಮೆಲ್ಲಗೆ ಬಾಗಿಲ ಹತ್ತಿರಕ್ಕೆ ಎಳೆದರು, ಅವನೂ ಅದರ ಜೊತೆಗೆ ಸರಿದ. ಖೋಕಾದ ಒಂದು ಬದಿ ಕತ್ತರಿಸಿ, ಒಳಗೆ ಚಾಪೆ ಹಾಸಿ ಅಲ್ಲಿ ಮಲಗಿಸಿದರು. ಬಾಲ್ಕನಿಯ ಮೂಲೆಗೆ ಅವನು ಮತ್ತೆ ಹೋಗಲಿಲ್ಲ. ಬಾಗಿಲಿಗೆ ಮುಖ ಮಾಡಿ ಮಲಗಿ ಲಾರಿಗಾಗಿ ಕಾದ.

ಎದುರು ಮನೆಯ ಸರ್ಯೂಬೆನ್ ಆ ದಿನಗಳಲ್ಲಿ ಬೆಳಿಗ್ಗೆ ಸಂಜೆ ಬರುತ್ತಿದ್ದರು. ಜೈನರು, ನನಗಿಂತ ಹಿರಿಯರು. ಸಂಜೆಯಾದ ಮೇಲೆ ನೀರನ್ನೂ ಮುಟ್ಟದವರು. ಕೆಳಗೆ ಬೀದಿನಾಯಿಗಳಿಗೆ ದಿನಾ ತುಪ್ಪ ಸವರಿದ ರೋಟ್ಲಿ ಹಾಕುತ್ತಾರೆ. ತಮ್ಯಾನಿಗೆ ಮಾತ್ರ ಥೇಪ್ಲಾ, ಅದೂ ಮೆಂತ್ಯೆ ಸೊಪ್ಪಿನದು. "ಕೇಮ್ ಛೇ ಮಾರೋ ದೀಕರೋ?" ನನ್ನ ಮಗ ಹೇಗಿದ್ದಾನೆ ಎಂದು ಕೇಳುತ್ತಲೇ ಒಳಗೆ ಬರುವುದು ಅವರ ರೂಢಿ.

ಇಂಜೆಕ್ಷನ್ನಿನ ಮಾತನ್ನು ನಾನು ಅವರಿಗೆ ಹೇಳಿದೆ. ಮುಚ್ಚಿಡುವುದು ಸರಿಯೆನ್ನಿಸಲಿಲ್ಲ. ಅವರು ಬಹಳ ಹೊತ್ತು ಸೆರಗಿನ ತುದಿಯನ್ನು ಸುತ್ತುತ್ತ ಕೂತರು. ಅವರ ಗುಜರಾತಿಯನ್ನು ಕನ್ನಡಕ್ಕೆ ತಂದರೆ ಹೀಗೆ: "ನನ್ನನ್ನು ಕೇಳಬೇಡ ಬೆನ್. ಕೇಳಿದರೆ ಬೇಡ ಅಂತೀನಿ. ಕೊಟ್ಟ ಉಸಿರನ್ನು ಅವನೇ ಮುಗಿಸಲಿ ಅಂತೀನಿ. ನನ್ನ ಅತ್ತೆ ಹಾಗೇ ಹೋದರು." ಸುತ್ತಿದ ಸೆರಗನ್ನು ಬಿಚ್ಚುತ್ತ, "ಅವರು ಬಹಳ ನರಳಿದರು" ಎಂದರು. ಎದ್ದು ಹೋಗುವಾಗ, "ಸಾಣಂದ್ ರಸ್ತೆಯಲ್ಲಿ ನನ್ನ ಅಣ್ಣನ ಹೊಲವಿದೆ. ಬೇವಿನ ಮರದ ಕೆಳಗೆ ಮಣ್ಣು ಮೆತ್ತಗಿದೆ. ಮಣ್ಣಿಗಾಗಿ ಯಾರನ್ನೂ ಬೇಡಿಕೊಳ್ಳಬೇಡ" ಎಂದರು.

ಬೇಡ ಎಂದವರೇ ಹೇಳಿದ "ನರಳಿದರು" ಎಂಬ ಮಾತು ನನ್ನನ್ನು ಹೆಚ್ಚು ಕಾಡಿತು. ಶುಕ್ರವಾರದ ಹೊತ್ತಿಗೆ ಅವನು ನೀರನ್ನೂ ಕಷ್ಟದಿಂದ ನುಂಗುತ್ತಿದ್ದ. ಹತ್ತಿಯಲ್ಲಿ ಅದ್ದಿ ತುಟಿಗೆ ಹಿಡಿಯುತ್ತಿದ್ದೆ. ಉಸಿರು ಒಮ್ಮೊಮ್ಮೆ ನಿಂತಂತಾಗಿ, ಮತ್ತೆ ಏನನ್ನೋ ನೆನೆಸಿಕೊಂಡಂತೆ ಶುರುವಾಗುತ್ತಿತ್ತು. ಆಗ ನನಗೆ ಒಂದು ವಿಚಾರ ಬಂತು, ಬಂದ ಮೇಲೆ ಹೋಗಲಿಲ್ಲ. ಈ ನಾಯಿ ಜೀವಮಾನದಲ್ಲಿ ಒಮ್ಮೆಯೂ ನಾವು "ನಡಿ" ಎನ್ನದೆ ರಸ್ತೆಗೆ ಇಳಿದವನಲ್ಲ. ನಾನು ಅವನ ಮುಖದ ಮುಂದೆ ಅಂಗೈ ಹಿಡಿದು "ನಿಲ್ಲು" ಎಂದಿದ್ದೇನೆ. ಅವನು ನಿಂತಿದ್ದಾನೆ. ಇದು ನಂಬುವ ಮಾತಲ್ಲ ಎಂದು ನೀವು ಹೇಳಬಹುದು. ಕಿಡ್ನಿಗೆ ಕನ್ನಡ ತಿಳಿಯುವುದಿಲ್ಲ ಎಂದು ನನಗೂ ಗೊತ್ತು. ಆದರೆ ಬಾಗಿಲಿಗೆ ಮುಖ ಮಾಡಿ ಮಲಗಿದ ಅವನನ್ನು ನೋಡುತ್ತ ಕೂತಾಗ ನನಗೆ ಬೇರೇನೂ ತೋಚಲಿಲ್ಲ.

"ಏನ್ರೀ, ಅವಾ ತಯಾರಾಗ್ಯಾನ. ನಾವ ಆಗಿಲ್ಲ" ಎಂದೆ.

"ಗೊತ್ತದ" ಎಂದರು ನಮ್ಮವರು. ಡಾಕ್ಟರಿಗೆ ಅವರೇ ಫೋನು ಮಾಡಿದರು. ಶನಿವಾರ ಮಧ್ಯಾಹ್ನ ಎಂದು ಹೇಳುವಾಗ ದನಿ ಒಡೆಯಲಿಲ್ಲ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಮುಖ ತೊಳೆದರು.

ಶನಿವಾರ ಬೆಳಿಗ್ಗೆ ನಾನು ಎದ್ದು ರೊಟ್ಟಿ ಬಡಿಯತೊಡಗಿದೆ. ಯಾಕೆ ಎಂದು ಕೇಳಿದರೆ ಹೇಳಲಾರೆ. ಯಾರಾದರೂ ಹೊರಡುವ ದಿನ ನನ್ನ ಕೈ ಹಿಟ್ಟಿನ ಡಬ್ಬಿಗೆ ಹೋಗುತ್ತದೆ, ತಲೆಯನ್ನು ಕೇಳುವುದಿಲ್ಲ. ಎಣ್ಣೆಗಾಯಿ ಮಾಡಿದೆ, ಮೊಸರನ್ನ ಕಲಸಿದೆ. ಇದ್ದದ್ದನ್ನೆಲ್ಲ ಬಿಳಿಯ ಬಟ್ಟೆಯಲ್ಲಿ ಕಟ್ಟಿ ಗಂಟು ಹಾಕಿದ ಮೇಲೆ, ಇದನ್ನು ಉಣ್ಣುವವರು ಯಾರು ಎಂದು ಹೊಳೆಯಿತು. ಬಿಚ್ಚಲಿಲ್ಲ.

ಶಾಲೂ ಸೂರತ್ತಿನ ರೈಲಿಳಿದು ಬಂದಳು. ಬಾಗಿಲು ತೆರೆದೊಡನೆ ಅವನು ಅಲ್ಲೇ ಇದ್ದ. ಬಾಲ ಒಂದು ಸಲ ಚಾಪೆಗೆ ಬಡಿಯಿತು. ಅವಳು ಚೀಲವನ್ನೂ ಇಳಿಸದೆ ಖೋಕಾದೊಳಗೆ ಅರ್ಧ ನುಗ್ಗಿ ಅವನನ್ನು ತಬ್ಬಿದಳು. "ಎಲ್ಲಿ ಹೋಗಿದ್ದಿ, ಎಲ್ಲಿ ಹೋಗಿದ್ದಿ" ಎಂದು ಅವನ ಕಿವಿಯಲ್ಲಿ ಹೇಳುತ್ತಲೇ ಇದ್ದಳು. ಹೋದವಳು ತಾನೇ. ಆದರೆ ಅವರಿಬ್ಬರ ನಡುವೆ ಭೇಟಿಯ ಮಾತು ಯಾವಾಗಲೂ ಅದೇ ಆಗಿತ್ತು.

ಡಾಕ್ಟರು ಬರುವ ಮೊದಲು ಸರ್ಯೂಬೆನ್ ಬಂದರು. ನೆಲದ ಮೇಲೆ ಕೂತು, ಅವನ ಕೇಳದ ಕಿವಿಗೆ ಬಾಯಿ ಹಚ್ಚಿ ತಮ್ಮ ಮಂತ್ರವನ್ನು ಮೆಲ್ಲಗೆ ಹೇಳಿದರು. ಸಾಯುವ ಪ್ರಾಣಿಯ ಕಿವಿಯಲ್ಲಿ ಅದು ಬೀಳಬೇಕಂತೆ, ಮುಂದಿನ ದಾರಿ ಹಸನಾಗುತ್ತದಂತೆ. ಎದ್ದು, ಸೆರಗಿನಡಿಯಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಕೈಗೆ ಕೊಟ್ಟರು. ಬಿಸಿ ಇತ್ತು. ಮೆಂತ್ಯೆಯ ವಾಸನೆ ಬಂತು. "ದಾರಿಗೆ" ಎಂದರು. ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅದಾದ ಮೇಲೆ ಅವರು ಒಪ್ಪಿದರೋ ಇಲ್ಲವೋ ಎಂದು ನಾನು ಕೇಳಿಲ್ಲ.

ಡಾಕ್ಟರು ಮೊದಲು ನಿದ್ದೆಯ ಸೂಜಿ ಎಂದಳು, ಆಮೇಲೆ ಎರಡನೆಯದು. ನಮ್ಮವರು ಅವನ ಪಾದವನ್ನು ಹಿಡಿದು ಕೂತು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಿದ್ದರು. ಮೊದಲ ಸೂಜಿಗೆ ಅವನ ಕಣ್ಣು ಅರ್ಧ ಮುಚ್ಚಿತು. ಆದರೂ ಗದ್ದ ಖೋಕಾದ ಅಂಚಿನ ಮೇಲೇ ಇತ್ತು, ಉಸಿರು ಬಿಗಿಯಾಗಿಯೇ ಇತ್ತು. ಹೇಳಬೇಕಾದ ಮಾತು ನನಗೆ ಗೊತ್ತಿತ್ತು. ಬಾಯಿ ಬರಲಿಲ್ಲ. ಶಾಲೂಗೆ ನಾನು ಏನೂ ಹೇಳಿಕೊಟ್ಟಿರಲಿಲ್ಲ. ಅವಳೇ ಬಗ್ಗಿ, ರಸ್ತೆಯಂಚಿನಲ್ಲಿ ಮಾಡುತ್ತಿದ್ದ ಹಾಗೆಯೇ, ಅವನ ಬೆನ್ನನ್ನು ಮೆಲ್ಲಗೆ ತಟ್ಟಿದಳು.

"ನಡಿ, ತಮ್ಯಾ" ಎಂದಳು. "ಗಾಡಿ ಇಲ್ಲ. ನಡಿ."

ಗದ್ದ ಅಂಚಿನಿಂದ ಜಾರಿ ಅವಳ ಕೈಯೊಳಗೆ ಬಂತು. ಎರಡನೆಯ ಸೂಜಿ ಕೊಟ್ಟದ್ದು ನನಗೆ ಕಾಣಲಿಲ್ಲ.

ಸಾಣಂದ್ ರಸ್ತೆಯ ಬೇವಿನ ಮರದ ಕೆಳಗೆ ಮಣ್ಣು ಸರ್ಯೂಬೆನ್ ಹೇಳಿದಂತೆ ಮೆತ್ತಗೇ ಇತ್ತು. ಅವನನ್ನು ಚಾಪೆಯಲ್ಲಿ ಸುತ್ತಿ ಇಳಿಸಿದ ಮೇಲೆ ನಾನು ಬುತ್ತಿಯನ್ನು ಅವನ ಮೂತಿಯ ಹತ್ತಿರ ಇಟ್ಟೆ, ಅದರ ಪಕ್ಕದಲ್ಲಿ ಥೇಪ್ಲಾದ ಪೊಟ್ಟಣ. ಗಂಟನ್ನು ಸ್ವಲ್ಪ ಸಡಿಲ ಮಾಡಿದೆ. ಬಿಚ್ಚಿಕೊಳ್ಳುವುದು ಅವನಿಗೆ ಗೊತ್ತಿದ್ದರೂ, ವಯಸ್ಸಾಗಿತ್ತಲ್ಲ.

ಬೆಳಗಿನಿಂದ ಮೂವರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ತಿರುಗಿ ಬರುವ ದಾರಿಯಲ್ಲಿ ಒಂದು ತಿಂಡಿಯ ಗಾಡಿಯ ಮುಂದೆ ನಮ್ಮವರು ಕಾರು ನಿಲ್ಲಿಸಿದರು. ಹೆಸರುಬೇಳೆಯ ದಾಳವಡೆ, ಈ ಊರಿನವರು ಮಳೆಯಲ್ಲಿ ಸಾಲುಗಟ್ಟಿ ತಿನ್ನುವುದು; ಮಳೆಯಿಲ್ಲದ ದಿನ ಗಾಡಿಯವನು ಸುಮ್ಮನೆ ಕೂತಿದ್ದ. ಕಾಗದದಲ್ಲಿ ವಡೆ, ಹುರಿದ ಮೆಣಸಿನಕಾಯಿ, ಹೆಚ್ಚಿದ ಈರುಳ್ಳಿ. ಕಾರಿನೊಳಗೆ ಕೂತೇ ತಿಂದೆವು. ನಮ್ಮವರು ಎದುರಿನ ಗಾಜನ್ನೇ ನೋಡುತ್ತ ಹೇಳಿದರು.

"ಈ ಸಲಾನೂ ನಮ್ಮ ಬುತ್ತಿ ಅವನ ಉಂಡ ನೋಡು. ನಮಗ ಮತ್ತ ವಡಿನೇ ಗತಿ."

ಹಿಂದಿನ ಸೀಟಿನಿಂದ ಒಂದು ಸದ್ದು ಬಂತು. ಶಾಲೂ ನಕ್ಕಳೋ ಅತ್ತಳೋ ತಿರುಗಿ ನೋಡಲಿಲ್ಲ. ನನಗೆ ಆದದ್ದೂ ಅದೇ, ಯಾವುದೆಂದು ನನಗೂ ತಿಳಿಯಲಿಲ್ಲ.

ನನ್ನ ಪದ್ಧತಿಯ ಬಗ್ಗೆ ಆಗ ಯೋಚಿಸಿದೆ. ಅದರಲ್ಲಿ ತಪ್ಪೇನಿಲ್ಲ, ಮನೆಗಳಿಗೆ ಅದು ಸಾಕು. ಮನೆ ನಮ್ಮನ್ನು ನೋಡುತ್ತಿರುವುದಿಲ್ಲ. ನೋಡುತ್ತಿರುವವರನ್ನು ತುಸು ತುಸುವಾಗಿ ಬಿಡಲು ಬರುವುದಿಲ್ಲ. ಕೊನೆಯವರೆಗೆ ಪೂರ್ತಿಯಾಗಿ ಇಟ್ಟುಕೊಂಡು, ಆಮೇಲೆ ಒಮ್ಮೆಲೇ ಕೈಬಿಡಬೇಕು. ಮೊದಲೇ ಅತ್ತು ಮುಗಿಸುವ ಉಪಾಯ ಅಲ್ಲಿ ನಡೆಯುವುದಿಲ್ಲ. ಇನ್ನು ಮುಂದೆ ವರ್ಗವಾಗಿ ಬಂದ ಹೆಣ್ಣುಮಕ್ಕಳಿಗೆ ಉಪದೇಶ ಮಾಡುವಾಗ ಇದನ್ನೂ ಸೇರಿಸಬೇಕು. ಅವರು ತಲೆದೂಗದಿದ್ದರೂ ಸರಿ.

ನಮ್ಮ ಮನೆಗೆ ತಿರುಗುವ ದೊಡ್ಡ ಚೌಕದಲ್ಲಿ ಕೆಂಪು ದೀಪ ಬಿದ್ದಿತ್ತು. ತಮ್ಯಾನನ್ನು ನಾನು ದಿನಾ ನಿಲ್ಲಿಸುತ್ತಿದ್ದ ಚೌಕ ಅದು. ದೀಪ ಹಸಿರಾಯಿತು. ನಮ್ಮವರು ಸ್ಟೇರಿಂಗಿನ ಮೇಲೆ ಕೈಯಿಟ್ಟು ರಸ್ತೆಯಂಚನ್ನೇ ನೋಡುತ್ತ ಕೂತಿದ್ದರು. ಹಿಂದಿನಿಂದ ಒಂದು ಹಾರ್ನು ಕೇಳಿತು, ಆಮೇಲೆ ನಾಲ್ಕಾರು. ಶಾಲೂ ಹಿಂದಿನಿಂದ ಕೈ ಚಾಚಿ ಅವರ ಬೆನ್ನನ್ನು ಮೆಲ್ಲಗೆ ತಟ್ಟಿದಳು.

"ನಡಿ, ಅಪ್ಪಾ" ಎಂದಳು.

ಅಪ್ಪ ಗೇರು ಹಾಕಿದರು. ಕಾರು ಚೌಕ ದಾಟಿತು.